‘ಬಿಎಸ್ಸಿ 94’ ಗುಂಪು: ರಾಘು ಹಾಕಿದ ಸಿಲಬಸ್ ಪಿಡಿಎಫ್

ರಾಘು: (ಪಿಡಿಎಫ್, 62 ಪುಟ) ಮಗನ ಕಾಲೇಜಿನ ಹೊಸ ಫಿಸಿಕ್ಸ್ ಸಿಲಬಸ್ಸಂತೆ. ಹೊಸದು ಅಂದ್ರೆ ಮುಖಪುಟ ಒಂದೇ. ಇನ್ನೂ ಅದೇ ಕಾರ್ನೋ ಇಂಜಿನ್ನು, ಶಾಖದಿಂದ ಕೆಲಸ ತೆಗೆಯೋ ಆ ಆದರ್ಶ ಇಂಜಿನ್ನು! 92ರಲ್ಲಿ ನಾವು ಉರು ಹೊಡೆದಿದ್ದು. ಎಐ ಎಲ್ಲಿ?

ಮಂಜು: 😂 ಪುಟ 14 ನೋಡ್ರೋ. ಮೆಕ್ಯಾನಿಕ್ಸ್ ಪೇಪರಿನ ‘ಕೋರ್ಸ್ ಔಟ್‌ಕಮ್’ನಲ್ಲಿ, ಅಂದ್ರೆ ಓದಿದವ್ರಿಗೆ ಏನು ಬರ್ಬೇಕು ಅನ್ನೋ ಪಟ್ಟಿಯಲ್ಲಿ, ಮಸೂರ ಬಂದು ಕೂತಿದೆ. ಆಪ್ಟಿಕ್ಸ್‌ನಿಂದ ಕಾಪಿ ಪೇಸ್ಟ್.

ಗೀತಾ: ಸಿಲಬಸ್ ಬರೆಯೋವಾಗ ಅಂಥದ್ದು ನಾನೂ ಮಾಡಿದೀನಿ, ಒಪ್ಕೋತೀನಿ. ರಾತ್ರಿ ಹನ್ನೊಂದಕ್ಕೆ ಒಂದೊಂದು ಔಟ್‌ಕಮ್‌ಗೂ 1, 2, 3 ಅಂತ ಅಂಕಿ ಹಾಕಿ ಟೇಬಲ್ ತುಂಬಿಸ್ತಾ ಕೂತ್ಕೊಂಡ್ರೆ ಗೊತ್ತಾಗತ್ತೆ. ಕಾರ್ನೋನ ಮಾತ್ರ ಮುಟ್ಬೇಡ. ನಿನ್ನ ಆಫೀಸಿನ ಎಸಿ ಅರ್ಥ ಆಗ್ಬೇಕಂದ್ರೆ ಆ ಇಂಜಿನ್ನೇ ಉಲ್ಟಾ ಓಡಿಸ್ಬೇಕು.

ರಾಘು: ಇಂಟರ್‌ವ್ಯೂನಲ್ಲಿ ಎಸಿ ಯಾರ್ ಕೇಳ್ತಾರೆ ಕಣೇ.

ಗೀತಾ: ಸಿಲಬಸ್ ಮಾಡೋ ಕಮಿಟಿ, ಅದೇ ಬೋರ್ಡ್ ಆಫ್ ಸ್ಟಡೀಸಲ್ಲಿ ಎಐ ಪೇಪರ್ ಮಾತೆತ್ತಿದ್ದೇ ನಾನು. ಮೊದಲ ಪ್ರಶ್ನೆ ಏನ್ ಗೊತ್ತಾ? ‘ಯಾರ ವರ್ಕ್‌ಲೋಡ್ ಹೋಗತ್ತೆ?’ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ ಇರ್ಲೇಬೇಕು. ಒಂದು ಪೇಪರ್ ತೆಗೆದ್ರೆ ಪರ್ಮನೆಂಟ್‌ನೋರು ಉಳಿದದ್ದು ಹಂಚ್ಕೋತಾರೆ, ಗೆಸ್ಟ್ ಲೆಕ್ಚರರ್ ಮನೆಗೆ. 1949ರಲ್ಲೇ ಅಮೆರಿಕದ ಶಿಕ್ಷಣ ತಜ್ಞ ರಾಲ್ಫ್ ಟೈಲರ್ ಹೇಳಿದ್ದು ಮೊದಲು ಉದ್ದೇಶ, ಕೊನೆಗೆ ಮೌಲ್ಯಮಾಪನ ಅಂತ. ನಮ್ಮಲ್ಲಿ ಕ್ವೆಶ್ಚನ್ ಪೇಪರ್ ಪ್ಯಾಟರ್ನ್ ಮೊದಲು. ಉದ್ದೇಶ ಬರೆಯೋದು ಪ್ರಿಂಟ್‌ಗೆ ಹೋಗೋ ಹಿಂದಿನ ದಿನ.

ಶೈಲಾ: ಟೈಲರ್ ಇರ್ಲಿ, ನಮ್ಮನೆ ಕಥೆ ಕೇಳಿ. ದೊಡ್ಡವಳು 2021ರಲ್ಲಿ ಸೇರಿದ್ದು, ಎನ್‌ಇಪಿ (ಕೇಂದ್ರದ ಹೊಸ ಶಿಕ್ಷಣ ನೀತಿ): ಎರಡು ಮೇಜರ್, ಅಂದ್ರೆ ಮುಖ್ಯ ವಿಷಯ, ಬೇಕಿದ್ರೆ ನಾಲ್ಕನೇ ವರ್ಷ ಆನರ್ಸ್. ಚಿಕ್ಕವನು 2024ರಲ್ಲಿ ಸೇರೋ ಹೊತ್ತಿಗೆ ಸರ್ಕಾರ ಬೇರೆ, ರಾಜ್ಯದ್ದೇ ಶಿಕ್ಷಣ ನೀತಿಗೆ ಮಾಡಿದ ಥೋರಟ್ ಆಯೋಗದ ಮಧ್ಯಂತರ ವರದಿ, ವಾಪಸ್ ಮೂರು ವರ್ಷ, ಮೂರು ಮೇಜರ್. ಅಕ್ಕನ ನೋಟ್ಸು ತಮ್ಮನಿಗೆ ಆಗ್ಲಿಲ್ಲ, ರದ್ದಿಗೆ ಹಾಕ್ದೆ.

ಮಂಜು: ಕೆಜಿಗೆ ಎಷ್ಟು ಕೊಟ್ಟ?

ಶೈಲಾ: ಸುಮ್ನಿರೋ.

ರಾಘು: ಇಂಡಸ್ಟ್ರಿಯವ್ರನ್ನ ಒಂದ್ಸಲನಾದ್ರೂ ಕೇಳಿ ಅನ್ನೋದಷ್ಟೇ ನಂದು.

ಗೀತಾ: ಸಿಲಬಸ್ ತಾನೇ ಮಾಡ್ಕೊಳ್ಳೋ ಆಟಾನಮಸ್ ಕಾಲೇಜಲ್ಲಿ ಬೋರ್ಡಿಗೆ ಇಂಡಸ್ಟ್ರಿಯಿಂದ ಒಬ್ರು, ಹಳೇ ಸ್ಟೂಡೆಂಟ್ ಒಬ್ರು ಇರ್ಲೇಬೇಕು. ಹೋದ್ಸಲ ಬಂದವ್ರು ಚೌಚೌ ಬಾತ್ ತಿಂದು, ‘ಕಮ್ಯುನಿಕೇಷನ್ ಸ್ಕಿಲ್ಸ್ ಜಾಸ್ತಿ ಮಾಡಿ’ ಅಂದು, ಸಹಿ ಹಾಕಿ ಹೊರಟ್ರು. ಈ ಸಲ ನಿನ್ನ ಹೆಸರು ಕೊಡ್ಲಾ? ಗುರುವಾರ 11ಕ್ಕೆ.

ರಾಘು: ಗುರುವಾರ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆಯಲ್ಲೇ. ಆನ್‌ಲೈನ್ ಲಿಂಕ್ ಇದ್ಯಾ?

ಗೀತಾ: ಇಲ್ಲ. ಸಿಲ್ಕ್ ಬೋರ್ಡ್ ದಾಟಿ ಬಾ.

ಮಂಜು: ಹಂಗಾದ್ರೆ ಕಾರ್ನೋ ಸೇಫ್.