ಅರಿವಳಿಕೆ ಕೊಡುವಾಗ ಸೂಜಿ ಮುರಿದರೆ?

ಪ್ರಶ್ನೆ (ದಂತವೈದ್ಯ): ಮೇಡಂ, ನಾನು ಪ್ರಾಕ್ಟೀಸ್ ಆರಂಭಿಸಿ ಎರಡು ವರ್ಷವಾಗಿದೆ. ನಿನ್ನೆ ಎಂಟು ವರ್ಷದ ಹುಡುಗನೊಬ್ಬನಿಗೆ ಕೆಳದವಡೆಯ ನರಕ್ಕೆ ಬ್ಲಾಕ್ (ನರವನ್ನೇ ಮರಗಟ್ಟಿಸುವ ಚುಚ್ಚುಮದ್ದು) ಕೊಡುತ್ತಿದ್ದೆ. ಸೂಜಿ 30 ಗೇಜಿನದು (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳು), ಗಿಡ್ಡ. ಬುಡದವರೆಗೂ ಒಳಗಿತ್ತು. ಹುಡುಗ ತಟ್ಟನೆ ತಲೆ ತಿರುಗಿಸಿದ. ಹೊರಗೆ ತೆಗೆದು ನೋಡಿದರೆ ಸೂಜಿ ಹಬ್ (ಸಿರಿಂಜಿಗೆ ಜೋಡಿಸುವ ಬುಡದ ಭಾಗ) ಹತ್ತಿರ ಬಾಗಿತ್ತು. ಚಿಮಟದಿಂದ ನೆಟ್ಟಗೆ ಮಾಡಿ, ಮತ್ತೆ ಚುಚ್ಚಿ ಕೆಲಸ ಮುಗಿಸಿದೆ. ಏನೂ ಆಗಲಿಲ್ಲ, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅದು ಒಳಗೇ ಮುರಿದಿದ್ದರೆ ನಾನು ಏನು ಮಾಡಬೇಕಿತ್ತು?

ಉತ್ತರ (ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕಿ): ಹುಡುಗ ತಲೆ ತಿರುಗಿಸಿದ್ದಕ್ಕಿಂತ ನೀವು ಚಿಮಟ ಹಿಡಿದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ತಂತಿಯೊಂದನ್ನು ಕೈಯಲ್ಲಿ ತುಂಡು ಮಾಡಬೇಕಾದರೆ ನಾವು ಏನು ಮಾಡುತ್ತೇವೆ? ಅತ್ತ ಬಗ್ಗಿಸಿ ಇತ್ತ ಬಗ್ಗಿಸುತ್ತೇವೆ. ನೀವು ಸೂಜಿಗೆ ಮಾಡಿದ್ದೂ ಅದನ್ನೇ. ಬಾಗಿದ ಸೂಜಿಯನ್ನು ಬಿಸಾಡಬೇಕು, ಎರಡನೇ ಯೋಚನೆ ಬೇಡ. ಬೇಕೆಂದೇ ಬಗ್ಗಿಸಿ ಚುಚ್ಚುವ ಅಭ್ಯಾಸವಿರುವವರಿಗೂ ಇದೇ ಮಾತು.

ಈ ಅವಘಡದ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳೆಲ್ಲ ನಿಮ್ಮ ಪ್ರಶ್ನೆಯಲ್ಲೇ ಇವೆ: ಕೆಳದವಡೆಯ ಬ್ಲಾಕ್, 30 ಗೇಜಿನ ಗಿಡ್ಡ ಸೂಜಿ, ಬುಡದವರೆಗೆ ಚುಚ್ಚಿದ್ದು, ಅನಿರೀಕ್ಷಿತ ಚಲನೆ. ಬಳುಕುವ ಸೂಜಿ ಬಳುಕದ ಹಬ್‌ಗೆ ಸೇರುವ ಜಾಗವೇ ಅತ್ಯಂತ ದುರ್ಬಲ. ಮುರಿಯುವುದು ಸಾಮಾನ್ಯವಾಗಿ ಅಲ್ಲೇ. ಬುಡದವರೆಗೆ ಚುಚ್ಚಿದ ಸೂಜಿ ಅಲ್ಲಿ ಮುರಿದರೆ ಹಿಡಿಯಲು ಹೊರಗೆ ಏನೂ ಉಳಿಯುವುದಿಲ್ಲ. ಕನಿಷ್ಠ 5 ಮಿಲಿಮೀಟರ್ ಹೊರಗಿದ್ದರೆ ಮುರಿದರೂ ಅದು ಎರಡು ಸೆಕೆಂಡಿನ ಕೆಲಸ, ಎಳೆದು ತೆಗೆಯುತ್ತೀರಿ.

ವಯಸ್ಕರಲ್ಲಿ ಈ ಬ್ಲಾಕ್‌ಗೆ 20ರಿಂದ 25 ಮಿಲಿಮೀಟರ್ ಆಳ ಬೇಕು. ಗಿಡ್ಡ ಸೂಜಿಯ ಉದ್ದವೇ ಸುಮಾರು 20. ಹಾಗಾಗಿ ಅವರಿಗೆ 25 ಅಥವಾ 27 ಗೇಜಿನ ಉದ್ದ ಸೂಜಿಯನ್ನೇ ಬಳಸಿ. ನಿಮ್ಮ ಹುಡುಗನಿಗಾದರೋ ಅಷ್ಟು ಆಳ ಬೇಕಾಗಿಯೇ ಇರಲಿಲ್ಲ. ಅಷ್ಟು ಒಳಗೆ ಹೋದರೂ ಮೂಳೆ ತಾಗಲಿಲ್ಲವೆಂದರೆ ಸೂಜಿ ತೀರಾ ಹಿಂದಕ್ಕೆ ಸಾಗಿತ್ತು ಎಂದೇ ಅರ್ಥ. ಆಗ ಇನ್ನಷ್ಟು ಒತ್ತಬಾರದು. ಒಳಗಿರುವಾಗಲೇ ತಿರುಚಲೂಬಾರದು. ಬಹುತೇಕ ಹೊರಗೆ ಎಳೆದುಕೊಂಡು ನಂತರ ದಿಕ್ಕು ಬದಲಿಸಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮುರಿದ ಕ್ಷಣದಲ್ಲಿ ಕೈಯನ್ನು ಬಾಯಿಯಿಂದ ತೆಗೆಯಬೇಡಿ. ರೋಗಿ ಬಾಯಿ ಮುಚ್ಚಿ ಉಗುಳು ನುಂಗಿದರೆ ಕಾಣುತ್ತಿದ್ದ ತುದಿಯೂ ಮಾಯವಾಗುತ್ತದೆ. "ಅಲುಗಾಡಬೇಡಿ, ಬಾಯಿ ತೆರೆದೇ ಇರಿ" ಎಂದು ಸಮಾಧಾನದ ದನಿಯಲ್ಲಿ ಹೇಳಿ, ಬಾಯಿ ಮುಚ್ಚದಂತೆ ಹಲ್ಲುಗಳ ನಡುವೆ ಬೈಟ್ ಬ್ಲಾಕ್ ಇಡಿ. ತುದಿ ಕಂಡರೆ ಬಿಗಿಯಾಗಿ ಕಚ್ಚಿ ಹಿಡಿಯುವ ಇಕ್ಕಳವಾದ ಹೀಮೋಸ್ಟಾಟ್‌ನಿಂದ ಹಿಡಿದು ಎಳೆಯಿರಿ. ಆ ಹೀಮೋಸ್ಟಾಟ್ ಪ್ರತಿ ಸಲವೂ ಟ್ರೇಯಲ್ಲೇ ಇರಬೇಕು. ಸಹಾಯಕಿ ಕಪಾಟು ಹುಡುಕುತ್ತಾ ನಿಂತರೆ ಆ ಹೊತ್ತು ಮೀರಿ ಹೋಗುತ್ತದೆ.

ತುದಿ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಚಿಕ್ಕದೊಂದು ಸೀಳು ಹಾಕಿ ನೋಡೋಣ ಎಂಬ ಆಸೆ ಬಂದೇ ಬರುತ್ತದೆ. ಬೇಡ. ರಕ್ತ ತುಂಬಿ ಏನೂ ಕಾಣುವುದಿಲ್ಲ, ಚೂರು ಇನ್ನಷ್ಟು ಒಳಸರಿಯುತ್ತದೆ, ಪಕ್ಕದಲ್ಲೇ ನಾಲಿಗೆಯ ನರವೂ ರಕ್ತನಾಳಗಳೂ ಇವೆ. ನಡೆದದ್ದನ್ನು ರೋಗಿಗೆ, ಮಗುವಾದರೆ ಹೆತ್ತವರಿಗೆ, ಆಗಲೇ ಹೇಳಿ. ಕಡತದಲ್ಲಿ ಬರೆಯಿರಿ. ಉಳಿದ ಸೂಜಿಯನ್ನು ಎಸೆಯಬೇಡಿ. ಒಳಗೆಷ್ಟು ಉದ್ದ ಉಳಿದಿದೆ ಎಂದು ನಮಗೆ ಅದರಿಂದ ತಿಳಿಯುತ್ತದೆ. ಅದೇ ದಿನ ನಮ್ಮಂಥವರ ಬಳಿ ಕಳಿಸಿ. ಸಿಟಿ ಸ್ಕ್ಯಾನ್‌ನಲ್ಲಿ ಜಾಗ ಗುರುತಿಸಿ, ಹೆಚ್ಚಿನ ಸಲ ಪೂರ್ಣ ಅರಿವಳಿಕೆ ಕೊಟ್ಟೇ ತೆಗೆಯುತ್ತೇವೆ. ತೊಂದರೆ ಕೊಡದಿದ್ದರೆ ಒಳಗೇ ಬಿಡಬಹುದು ಎಂಬ ಅಭಿಪ್ರಾಯವೂ ಉಂಟು. ಆದರೆ ಬಾಯಿ ತೆರೆಯಲಾಗದೆ, ನುಂಗಲು ನೋವಾಗಿ ಬಂದವರಿದ್ದಾರೆ, ಚೂರು ಕುತ್ತಿಗೆಯತ್ತ ಸರಿದ ವರದಿಗಳೂ ಇವೆ. ಬೇಗ ತೆಗೆಯುವುದೇ ಲೇಸು ಎಂಬುದು ನನ್ನ ನಿಲುವು.

ಮತ್ತೊಬ್ಬ ದಂತವೈದ್ಯೆ: ಆದರೆ ಮೇಡಂ, 30 ಗೇಜಿನಿಂದ ನೋವು ಕಡಿಮೆಯಲ್ಲವೇ? ರೋಗಿಗಳು ಅದನ್ನೇ ಮೆಚ್ಚುತ್ತಾರೆ.

ಉತ್ತರ: ಸೂಜಿಯನ್ನು ತೋರಿಸದೆ ಕೇಳಿ ನೋಡಿದ ಪರೀಕ್ಷೆಗಳಲ್ಲಿ 25, 27, 30 ಗೇಜ್‌ಗಳ ನಡುವೆ ರೋಗಿಗಳು ಗಮನಾರ್ಹ ವ್ಯತ್ಯಾಸ ಗುರುತಿಸಿಲ್ಲ. ಸೂಜಿಯನ್ನು ಕಂಡು ಅಂಜುವುದು ಬೇರೆ ಮಾತು, ಅದಕ್ಕೆ ಸೂಜಿಯನ್ನು ಕಣ್ಣಿಗೆ ಬೀಳದಂತೆ ತಂದರಾಯಿತು. ಮರಗಟ್ಟಿಸುವ ಜೆಲ್‌ಗೆ ಒಂದೆರಡು ನಿಮಿಷ ಕೊಡಿ, ಮದ್ದನ್ನು ನಿಧಾನವಾಗಿ ಬಿಡಿ. ಅವಸರದಲ್ಲಿ ತಳ್ಳಿದ ಮದ್ದು ಎಷ್ಟು ತೆಳು ಸೂಜಿಯಿಂದ ಬಂದರೂ ನೋಯಿಸುತ್ತದೆ. ತೆಳು ಸೂಜಿ ಮಾಂಸದೊಳಗೆ ಹೆಚ್ಚು ಬಾಗಿ ಗುರಿ ತಪ್ಪುತ್ತದೆ ಎಂಬುದೂ ನೆನಪಿರಲಿ. ಮೇಲ್ಮೈಯಲ್ಲೇ ಕೊಡುವ ಚುಚ್ಚುಮದ್ದಿಗೆ 30 ಗೇಜ್ ಬಳಸಿ, ನನ್ನ ತಕರಾರಿಲ್ಲ.

ಗುಂಪಿನ ಸದಸ್ಯರೊಬ್ಬರು: ಡಾಕ್ಟರೇ, ನಾನು ರೋಗಿ. ಮುಂದಿನ ವಾರ ಬುದ್ಧಿಹಲ್ಲು ತೆಗೆಸಬೇಕಿದೆ. ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಗಿವೆ.

ಉತ್ತರ: ವೈದ್ಯರು ತಮ್ಮತಮ್ಮಲ್ಲಿ ಆಡುವ ಮಾತನ್ನು ರೋಗಿಗಳು ಓದಿದರೆ ಹೀಗೇ ಆಗುತ್ತದೆ. ಒಮ್ಮೆ ಬಳಸಿ ಬಿಸಾಡುವ ಸೂಜಿಗಳು ಬಂದ ಮೇಲೆ ಇದು ಬಹಳ ಅಪರೂಪ; ವೃತ್ತಿಜೀವನವಿಡೀ ಒಮ್ಮೆಯೂ ನೋಡದ ದಂತವೈದ್ಯರು ಎಷ್ಟೋ ಮಂದಿ. ಭಯವಿದೆ ಎಂದು ಮೊದಲೇ ಹೇಳಿಬಿಡಿ. ನೋವಾದರೆ ಎಡಗೈ ಎತ್ತುತ್ತೇನೆ ಎಂದು ಮಾತಾಡಿಕೊಳ್ಳಿ. ಕೈ ಎತ್ತುವಾಗ ತಲೆ ಮಾತ್ರ ಅಲುಗದಿರಲಿ, ವೈದ್ಯರ ಕೈ ಹಿಡಿಯಬೇಡಿ. ಅವರು ನಿಲ್ಲಿಸುತ್ತಾರೆ.