ಸಹಾಯ ಬೇಕು: ಅಮ್ಮನೊಂದಿಗೆ ಸಿಂಗಪುರದಿಂದ ಟೋಕಿಯೋಗೆ

ಮೊಣಕಾಲು ನೋವಿರುವ ಅಮ್ಮನನ್ನು ಜನವರಿಯಲ್ಲಿ ಸಿಂಗಪುರದಿಂದ ಟೋಕಿಯೋಗೆ ಕರೆದೊಯ್ಯಬೇಕಾಗಿದೆ. ನೇರ ದೂರ ಸುಮಾರು 5,300 ಕಿಲೋಮೀಟರ್, ಹಾರಾಟ ಏಳು ಗಂಟೆಯ ಆಸುಪಾಸು. ಟೋಕಿಯೋ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಟಿಕೆಟ್ಟಿನಲ್ಲಿ ಎಂಟು ಗಂಟೆಯಂತೆ ಕಾಣುತ್ತದೆ. ಅದನ್ನು ನೋಡಿಯೇ ಅಮ್ಮ ಗಾಬರಿಯಾದರು. ಮರಳುವಾಗ ಪಶ್ಚಿಮದಿಂದ ಬೀಸುವ ಜೆಟ್ ಪ್ರವಾಹ, ಅಂದರೆ ಆಕಾಶದ ಎತ್ತರದಲ್ಲಿನ ವೇಗದ ಗಾಳಿ, ಎದುರಾಗಿ ಹಾರಾಟ ಇನ್ನೂ ಉದ್ದವಾಗುತ್ತದೆ, ಚಳಿಗಾಲದಲ್ಲಂತೂ ಅದರ ಬಲ ಹೆಚ್ಚು. ಅಷ್ಟು ಹೊತ್ತು ಅವರು ಕಾಲು ಮಡಚಿ ಕೂರುವುದು ಹೇಗೆ ಎಂಬುದೇ ನನ್ನ ಚಿಂತೆ.

ಹಿರಿಯರೊಂದಿಗೆ ಈ ಮಾರ್ಗದಲ್ಲಿ ಹೋಗಿಬಂದವರು ದಯವಿಟ್ಟು ತಿಳಿಸಿ: ಮರಳುವ ಹಾರಾಟ ನಿಜಕ್ಕೂ ಎಷ್ಟು ಹೊತ್ತು ಹಿಡಿಯಿತು? ಹಗಲಿನ ವಿಮಾನ ಹಿತವೋ, ರಾತ್ರಿಯದೋ? ನರಿತಾ ನಿಲ್ದಾಣ ನಗರದಿಂದ ಸುಮಾರು 60 ಕಿಲೋಮೀಟರ್ ದೂರ, ಹಾಗಾಗಿ ನನ್ನ ಒಲವು ನಗರಕ್ಕೆ ಹತ್ತಿರದ ಇನ್ನೊಂದು ನಿಲ್ದಾಣವಾದ ಹನೇಡಾ ಕಡೆಗೇ. ಗಾಲಿಕುರ್ಚಿಯ ನೆರವನ್ನು ಎಷ್ಟು ದಿನ ಮೊದಲು ಕೇಳಿದಿರಿ?