ಅಪ್‌ಡೇಟ್: ಲೈನ್‌ನಲ್ಲಿರೋರನ್ನೇ ಟ್ರೈನರ್ ಮಾಡೋದು

ನಮ್ಮ ಗಾರ್ಮೆಂಟ್ಸ್‌ನಲ್ಲಿ ಹಳೇ ಟೈಲರ್‌ಗಳನ್ನೇ ಟ್ರೈನರ್ ಮಾಡೋದು ಹೇಗೆ ಅಂತ ಕೇಳಿದ್ನಲ್ಲ, ಒಬ್ರು ಟಿಡಬ್ಲ್ಯೂಐ ನೋಡಿ ಅಂದಿದ್ರು (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಅಂದ್ರೆ ಕೆಲ್ಸದ ಜಾಗದಲ್ಲೇ ಕೆಲ್ಸ ಕಲಿಸೋ ವಿಧಾನ, 1940ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು), ಅದ್ರ ನಾಲ್ಕು ಸ್ಟೆಪ್ಪೇ ಹಿಡ್ಕೊಂಡ್ವಿ: ಕಲಿಯೋರನ್ನ ರೆಡಿ ಮಾಡು, ಮಾಡಿ ತೋರ್ಸು, ಅವ್ರ ಕೈಲಿ ಮಾಡ್ಸು, ಆಮೇಲೂ ಹೋಗಿ ನೋಡ್ತಿರು.

ಮೊದ್ಲು ಕಾಲರ್ ಹೊಲಿಯೋ ಅಕ್ಕನ್ನ ಹಾಕಿದ್ವಿ. ಕೈ ಏನೋ ಪಟಪಟ ಓಡುತ್ತೆ, ಬಾಯಲ್ಲಿ ಬರೋದು ಬರೀ "ಹಿಂಗೇ ಮಾಡಮ್ಮ". ಅದಕ್ಕೆ ಜೊತೇಲಿ ಕೂತು, ಮೂಲೆ ಬಂದಾಗ ಸೂಜಿ ಬಟ್ಟೆ ಒಳಗೇ ಇರ್ಲಿ, ಮೆಷಿನ್ ಫುಟ್ (ಬಟ್ಟೆ ಒತ್ತಿ ಹಿಡಿಯೋ ಭಾಗ) ಎತ್ತಿ ಬಟ್ಟೆ ತಿರುಗ್ಸು, ಇಲ್ದಿದ್ರೆ ಹೊಲಿಗೆ ಜಾರುತ್ತೆ ಅಂತ ಕಾರಣ ಸಮೇತ ಒಂದೊಂದೇ ಬರ್ಸಿದ್ವಿ. ಈಗ ಹೊಸ ಹುಡ್ಗೀರು ಸೂಪರ್‌ವೈಸರ್‌ನ ಬಿಟ್ಟು ಅಕ್ಕನ್ನೇ ಕೇಳ್ತಾರೆ.

ತಲೆನೋವು ಒಂದೇ, ಕಲಿಸೋ ಹೊತ್ತಲ್ಲೂ ಅವ್ರ ಟಾರ್ಗೆಟ್ ಅಷ್ಟೇ ಇದೆ, ಕಮ್ಮಿ ಮಾಡಿ ಸಾರ್ ಅಂತ ಮ್ಯಾನೇಜರ್ ಹಿಂದೆ ಬಿದ್ದಿದ್ದೀನಿ.